ಹೇಮಾವತಿ ಹಿನ್ನೀರಲ್ಲಿ ಟ್ರೌಟ್ ಸಿಗುತ್ತಾ?

ಮೇ ತಿಂಗಳಲ್ಲಿ ಶೆಟ್ಟಿಹಳ್ಳಿ ಚರ್ಚ್ ಹತ್ತಿರ ಫ್ಲೈ (ಹುಳದಂತೆ ಕಾಣುವ ಹಗುರ ನಕಲಿ ಎರೆ) ಎಸೆಯುವ 5 ನಂಬರ್ ರಾಡ್‌ನಲ್ಲಿ ಟ್ರೌಟ್ ಹಿಡಿಯಬಹುದಾ ಅಂತ ಕೇಳಿದ್ದೀರಿ. ಟ್ರೌಟ್ ಇಲ್ಲಿ ಇಲ್ಲ ಸಾರ್. ಅದು ತಣ್ಣೀರಿನ ಮೀನು. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರುವಾಗುತ್ತದೆ. ಅದಕ್ಕೇ ಬ್ರಿಟಿಷರು ನೀಲಗಿರಿಯ ಎತ್ತರದ ಹೊಳೆಗಳಲ್ಲಿ ಬಿಟ್ಟರು.

ಆದರೆ ರಾಡ್ ಮೂಲೆಗಿಡಬೇಡಿ. ಜಿಲೇಬಿ ಮೀನಿಗೆ (ತಿಲಾಪಿಯಾ) 5 ನಂಬರ್ ಸರಿಯಾಗಿ ಸಾಕು; ನಂಬರ್ ಹೆಚ್ಚಿದಷ್ಟೂ ರಾಡ್ ಗಟ್ಟಿ. ದಡದ ಹತ್ತಿರ, ಸಣ್ಣ ಫ್ಲೈ ಮುಳುಗಲು ಬಿಟ್ಟು ನಿಧಾನವಾಗಿ ಎಳೆಯಿರಿ. ಬೆಳಿಗ್ಗೆ 6ರಿಂದ 9ರೊಳಗೆ ಹೋಗಿ. ಫ್ಲೈಗೆ ಸ್ವಂತ ತೂಕ ಇಲ್ಲ, ದಾರದ ತೂಕವೇ ಅದನ್ನು ಒಯ್ಯಬೇಕು. ಮಧ್ಯಾಹ್ನ ಬಯಲಲ್ಲಿ ಗಾಳಿ ಎದ್ದರೆ ಸುಮ್ನೆ ತೋಳು ನೋವು.

ಕೊರವ ಮೀನು (ಮರ್ರೆಲ್) ಬೇಕಾದರೆ 7 ಅಥವಾ 8 ನಂಬರ್ ರಾಡ್, ಫೋಮಿನಲ್ಲಿ ಮಾಡಿದ ಕಪ್ಪೆಯಂಥ ಫ್ಲೈ. ಜೊಂಡಿನ ಅಂಚಿಗೆ ಎಸೆದು, ಒಂದು ಕ್ಷಣ ಬಿಟ್ಟು ದಾರವನ್ನು ಸಣ್ಣಗೆ ಜಗ್ಗಿ. ಹೊಡೆತ ಜೋರಾಗಿರುತ್ತದೆ! ಒಂದು ಮಾತು ಮಾತ್ರ ದಯವಿಟ್ಟು ಕೇಳಿ. ಮೊದಲ ಮಳೆ ಬಿದ್ದ ಮೇಲೆ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕಂಡರೆ, ಅದರ ಕೆಳಗೆ ತಂದೆ-ತಾಯಿ ಕಾವಲಿರುತ್ತವೆ. ಅಲ್ಲಿ ಗಾಳ ಹಾಕಬೇಡಿ. ದೊಡ್ಡದನ್ನು ಎತ್ತಿದರೆ ಮರಿಗಳನ್ನೆಲ್ಲ ಬೇರೆ ಮೀನು ತಿಂದುಬಿಡುತ್ತವೆ, ಅಲ್ವಾ? ಬಿಳಿಮೀನು ಅಂದರೆ ಮಹಶೀರ್ ಬಿದ್ದರೆ ನೀರಲ್ಲೇ ಕೊಕ್ಕೆ ಬಿಡಿಸಿ ಕಳಿಸಿ. ಕಾವೇರಿ ಕಡೆಯ ಗೂನು ಮಹಶೀರ್ ಅಳಿವಿನಂಚಿಗೆ ಬಂದಿದೆ.

ಬೇಸಿಗೆಯಲ್ಲಿ ನೀರು ಇಳಿದ ಜಾಗ ಮೇಲೆ ಒಣಗಿದಂತೆ ಕಂಡರೂ ಒಳಗೆ ಕೆಸರು. ಕೋಲಿನಿಂದ ಚುಚ್ಚಿ ನೋಡಿ ಕಾಲಿಡಿ. ಹೋಗುವ ಮುಂಚೆ ಹಾಸನದ ಮೀನುಗಾರಿಕೆ ಇಲಾಖೆಯಲ್ಲಿ ಅನುಮತಿ ವಿಚಾರಿಸಿ.