ಇಂಪ್ಲಾಂಟ್ ಹಲ್ಲು ಅಲುಗಾಡುತ್ತಿದೆ, ಕಾಯಬಹುದಾ?

ಪ್ರಶ್ನೆ: ಡಾಕ್ಟ್ರೇ, 2 ವರ್ಷದ ಹಿಂದೆ ಮೈಸೂರಿನಲ್ಲಿ ಕೆಳಗಿನ ದವಡೆ ಹಲ್ಲಿಗೆ ಇಂಪ್ಲಾಂಟ್ ಹಾಕಿಸಿದ್ದೆ. ಈಗ ಅಗಿಯುವಾಗ ಟಿಕ್ ಅಂತ ಅಲುಗಾಡುತ್ತದೆ, ನೋವಿಲ್ಲ. ಕಾಫಿ ಕೊಯ್ಲು ಮುಗಿಸಿ ಹೋದರೆ ಸಾಕಾ?
– ಓದುಗರು, ವಿರಾಜಪೇಟೆ

ಉತ್ತರ: ಗಾಬರಿ ಬೇಡ, ಆದರೆ ಕೊಯ್ಲು ಮುಗಿಯುವ ತನಕ ಕಾಯಲೂ ಬೇಡಿ. ನೋವಿಲ್ಲದೆ ಇಂಪ್ಲಾಂಟ್ ಮೇಲೆ ಕೂರಿಸಿದ ಹಲ್ಲು ಮಾತ್ರ ಅಲುಗಾಡಿದರೆ ಹೆಚ್ಚಾಗಿ ಸಡಿಲವಾಗಿರುವುದು ಒಳಗಿನ ಸ್ಕ್ರೂ, ಮೂಳೆಯಲ್ಲಿ ಕೂತ ಇಂಪ್ಲಾಂಟ್ ಅಲ್ಲ. ಎಕ್ಸ್‌ರೇ ತೆಗೆಸಿ ನೋಡಬೇಕು.

ಬಿಗಿ ಮಾಡಿದಾಗ ಈ ಸ್ಕ್ರೂ ತುಸುವೇ ಹಿಗ್ಗಿ, ಸ್ಪ್ರಿಂಗ್ ತರ ಇಂಪ್ಲಾಂಟ್ ಮತ್ತು ಅದರ ಮೇಲಿನ ಭಾಗ ಎರಡನ್ನೂ ಎಳೆದು ಹಿಡಿಯುತ್ತದೆ. ಆ ಎಳೆತ ತಗ್ಗಿದರೆ ಸಡಿಲ, ಅಷ್ಟೇ. ಎಷ್ಟೋ ಕಂಪನಿಗಳು 30ರಿಂದ 35 ನ್ಯೂಟನ್ ಸೆಂಟಿಮೀಟರ್ ತಿರುಗಿಸುವ ಬಲ ಹೇಳುತ್ತವೆ, ಅದಕ್ಕೆ ಈ ಬಲವನ್ನು ಅಳೆದು ಬಿಗಿ ಮಾಡುವ ಟಾರ್ಕ್ ರೆಂಚ್ ಬೇಕು, ಕೈಯಂದಾಜು ಸಾಲದು. ಸ್ಕ್ರೂವಿನ ಸುತ್ತುಗೆರೆಗಳ ಸಣ್ಣ ಉಬ್ಬುತಗ್ಗು ಒತ್ತಿ ಕೂತಾಗ ಹಿಡಿತ ಸ್ವಲ್ಪ ಕಡಿಮೆಯಾಗುತ್ತದಲ್ವಾ, ಹಾಗಾಗಿ 10 ನಿಮಿಷ ಬಿಟ್ಟು ಮತ್ತೊಮ್ಮೆ ಬಿಗಿ ಮಾಡುವುದು ಒಳ್ಳೆಯದು. ರಾತ್ರಿ ಹಲ್ಲು ಕಡಿಯುವುದು, ಒಣ ಅಡಿಕೆ ಅಗಿಯುವುದು, ಹಲ್ಲು ಸರಿಯಾಗಿ ಕೂರದಿರುವುದು ಅಥವಾ ಎತ್ತರವಾಗಿರುವುದು, ಇವೂ ಕಾರಣವೇ. ಸುಮ್ನೆ ಬಿಟ್ಟರೆ ಸ್ಕ್ರೂ ಒಳಗೇ ಮುರಿಯಬಹುದು. ಆಗ ತೆಗೆಯುವ ಕೆಲಸ ಜಾಸ್ತಿ ಕಷ್ಟ.

ಅಲ್ಲಿಯವರೆಗೆ ಇನ್ನೊಂದು ಬದಿಯಲ್ಲಿ ಅಗಿಯಿರಿ. ಮಡಿಕೇರಿಯಲ್ಲೇ ತೋರಿಸುವುದಾದರೆ ಇಂಪ್ಲಾಂಟ್ ಕಾರ್ಡ್ (ಯಾವ ಕಂಪನಿಯ ಇಂಪ್ಲಾಂಟ್ ಎಂದು ಬರೆದಿರುವ ಕಾರ್ಡ್) ತಪ್ಪದೆ ಒಯ್ಯಿರಿ, ಒಂದು ಕಂಪನಿಯ ಸ್ಕ್ರೂಡ್ರೈವರ್ ಇನ್ನೊಂದಕ್ಕೆ ಕೂರದೇ ಇರಬಹುದು.