ಓಡಿದರೆ ರಕ್ತ ಕಡಿಮೆಯಾಗುತ್ತದಾ?

ಪ್ರಶ್ನೆ: ಡಾಕ್ಟ್ರೇ, ನನಗೆ 41 ವರ್ಷ. ನಾಲ್ಕು ತಿಂಗಳಿಂದ ವಾರಕ್ಕೆ ಐದು ದಿನ ಓಡುತ್ತಿದ್ದೇನೆ. ಈಗ ಒಂದು ಗಂಟೆ ನಿಲ್ಲದೆ ಓಡುತ್ತೇನೆ, ಸುಸ್ತೇನೂ ಇಲ್ಲ. ಆದರೆ ಮೊನ್ನೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 14.5ರಿಂದ 13.4ಕ್ಕೆ ಇಳಿದಿದೆ. ಬೆಳಿಗ್ಗೆ ಎದ್ದಾಗ 74 ಇರುತ್ತಿದ್ದ ನಾಡಿ ಈಗ 60. "ಓಡಿ ಓಡಿ ರಕ್ತವೆಲ್ಲ ಸುಟ್ಟುಹೋಯ್ತು, ನಿಲ್ಸಿ" ಅಂತಾರೆ ಮನೆಯಲ್ಲಿ. ನಿಲ್ಲಿಸಬೇಕಾ?

ಉತ್ತರ: ಬೇಡ, ಓಡಿ. ನಿಮ್ಮ ರಕ್ತ ಕಡಿಮೆಯಾಗಿಲ್ಲ, ಬಹುಶಃ ಜಾಸ್ತಿಯೇ ಆಗಿದೆ.

ವರದಿಯಲ್ಲಿರುವ ಅಂಕಿ 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಗ್ರಾಂ ಹಿಮೋಗ್ಲೋಬಿನ್ ಇದೆ ಅನ್ನುವುದನ್ನಷ್ಟೇ ಹೇಳುತ್ತದೆ. ಮೈಯಲ್ಲಿ ಒಟ್ಟು ಎಷ್ಟಿದೆ ಅಂತ ಹೇಳುವುದಿಲ್ಲ. ಮೊದಲು ನಿಮಗೆ 5 ಲೀಟರ್ ರಕ್ತ ಇತ್ತು ಅಂದುಕೊಳ್ಳಿ. ಆಗ ಒಟ್ಟು ಹಿಮೋಗ್ಲೋಬಿನ್ 725 ಗ್ರಾಂ. ಈಗ ರಕ್ತ ಐದೂವರೆ ಲೀಟರ್ ಆಗಿದ್ದರೆ, 13.4ರ ಲೆಕ್ಕದಲ್ಲೂ ಒಟ್ಟು 737 ಗ್ರಾಂ ಆಗುತ್ತದೆ. ಈ ಲೆಕ್ಕವನ್ನು ಮನೆಯವರಿಗೂ ತೋರಿಸಿ.

ಹೀಗೇಕೆ ಆಗುತ್ತದೆ? ದಿನಾ ಬೆವರು ಹರಿದರೆ ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳಲು ಶುರುಮಾಡುತ್ತವೆ. ಆಲ್ಬುಮಿನ್ ಅನ್ನುವ ಪ್ರೋಟೀನ್ ರಕ್ತದಲ್ಲಿ ಹೆಚ್ಚಾಗಿ, ಆ ನೀರನ್ನು ರಕ್ತನಾಳದೊಳಗೇ ಉಳಿಸುತ್ತದೆ. ಹೀಗೆ ಪ್ಲಾಸ್ಮಾ, ಅಂದರೆ ರಕ್ತದ ನೀರಿನ ಭಾಗ, ಕೆಲವೇ ದಿನಗಳಲ್ಲಿ ಏರುತ್ತದೆ. ಹಿಮೋಗ್ಲೋಬಿನ್ ತುಂಬಿಕೊಂಡಿರುವ ಕೆಂಪು ಕಣಗಳು ಅಷ್ಟು ಬೇಗ ಹುಟ್ಟುವುದಿಲ್ಲ, ಅವಕ್ಕೆ ವಾರಗಟ್ಟಲೆ ಬೇಕು. ಕಣಗಳೂ ಹೆಚ್ಚುತ್ತವೆ, ಆದರೆ ನೀರು ಅದಕ್ಕಿಂತ ಮುಂದಿರುತ್ತದೆ. ಹಾಗಾಗಿ ರಕ್ತ ತುಸು ತೆಳುವಾಗಿ ಕಾಣುತ್ತದೆ.

ನಾಡಿ ಇಳಿದಿರುವುದು ನನಗೆ ಖುಷಿಯ ಸುದ್ದಿ. ಸುಮ್ಮನೆ ಕೂತಾಗ ಮೈಗೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹರಿಯಬೇಕು. 74 ಬಡಿತದಲ್ಲಿ ಅಷ್ಟು ಕಳಿಸಬೇಕಾದರೆ ಹೃದಯ ಒಂದು ಸಲಕ್ಕೆ 68 ಮಿಲಿ ನೂಕಬೇಕು. 60ರಲ್ಲಿ ಆದರೆ 83 ಮಿಲಿ. ರಕ್ತ ಜಾಸ್ತಿ ವಾಪಸ್ ಬಂದಷ್ಟೂ ಹೃದಯದ ಕೋಣೆ ಚೆನ್ನಾಗಿ ತುಂಬುತ್ತದೆ, ಹಿಗ್ಗುತ್ತದೆ, ಹಿಗ್ಗಿದಷ್ಟೂ ಬಲವಾಗಿ ನೂಕುತ್ತದೆ. ತಿಂಗಳು, ವರ್ಷ ಅಂತ ಓಡುತ್ತಾ ಹೋದರೆ ಕೋಣೆಯೇ ದೊಡ್ಡದಾಗುತ್ತದೆ. 1899ರಲ್ಲೇ ಸ್ವೀಡನ್ನಿನ ಹೆನ್ಶೆನ್ ಎಂಬ ವೈದ್ಯರು ಹಿಮದಲ್ಲಿ ಸ್ಕೀ ಓಡುವವರ ಎದೆಯನ್ನು ಬೆರಳಿನಿಂದ ತಟ್ಟಿ ನೋಡಿಯೇ ಇದನ್ನು ಗುರುತಿಸಿದ್ದರು! ಆದರೆ ಗರಿಷ್ಠ ನಾಡಿ ಹೆಚ್ಚುಕಮ್ಮಿ ಹಾಗೇ ಇರುತ್ತದೆ, ಅದು ಏರಲಿಲ್ಲ ಅಂತ ಬೇಸರಪಡಬೇಡಿ.

ನಾನೂ ಓಡುತ್ತೇನೆ. ಒಮ್ಮೆ ಜ್ವರ ಬಂದು ಎರಡು ವಾರ ಮಲಗಿದ್ದೆ. ಎದ್ದು ಅದೇ ಏರು ಹತ್ತಿದರೆ ನಾಡಿ ಮೊದಲಿಗಿಂತ 15 ಜಾಸ್ತಿ! ಓಟ ನಿಲ್ಲಿಸಿದಾಗ ಮೊದಲು ಕೈಬಿಡುವುದು ಈ ಪ್ಲಾಸ್ಮಾವೇ. ಮತ್ತೆ ಶುರುಮಾಡಿದರೆ ಬೇಗ ತುಂಬಿಕೊಳ್ಳುವುದೂ ಅದೇ.

ಇಷ್ಟು ಹೇಳಿದರೂ ಒಂದು ಮಾತು ಬಿಡುವಂತಿಲ್ಲ. ಓಡುವವರಲ್ಲಿ ನಿಜವಾದ ಕಬ್ಬಿಣದ ಕೊರತೆಯೂ ಇರುತ್ತದೆ, ಅದರಲ್ಲೂ ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಹೆಣ್ಣುಮಕ್ಕಳಲ್ಲಿ. ನೀವು ಒಮ್ಮೆ ಫೆರಿಟಿನ್ ಪರೀಕ್ಷೆ ಮಾಡಿಸಿ, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಅದು ತೋರಿಸುತ್ತದೆ. ಪರೀಕ್ಷೆಯ ಹಿಂದಿನ ಎರಡು ದಿನ ಜೋರು ಓಟ ಬೇಡ. ಹಿಮೋಗ್ಲೋಬಿನ್ 13ಕ್ಕಿಂತ ಕೆಳಗಿಳಿದರೆ, ಮೊದಲಿಲ್ಲದ ಏದುಸಿರು, ತಲೆಸುತ್ತು ಬಂದರೆ ಅಥವಾ ಮಲ ಕಪ್ಪಗೆ ಹೋದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಪರೀಕ್ಷೆಗೆ ಮುಂಚೆ ಸುಮ್ನೆ ಕಬ್ಬಿಣದ ಮಾತ್ರೆ ನುಂಗಬೇಡಿ.