ನಿರ್ದೇಶನ ಮತ್ತು ನಾಟಕ ಪಾಠ

ಪ್ರಶ್ನೆ: ಪದವಿ ಮುಗಿಸಿರುವ ನನ್ನ ಮಗಳು ನಾಟಕ ನಿರ್ದೇಶಕಿಯಾಗಿ, ಜೊತೆಗೆ ಮಕ್ಕಳಿಗೆ ನಾಟಕ ಕಲಿಸುತ್ತ ಬದುಕಬೇಕೆನ್ನುತ್ತಾಳೆ. ಎರಡೂ ಒಟ್ಟಿಗೆ ಸಾಗುವುದೇ?
– ಒಬ್ಬ ತಾಯಿ, ಶಿರಸಿ

ಉತ್ತರ: ಖಂಡಿತ ಸಾಗುತ್ತದೆ, ತಾಯಿ, ಒಂದು ಇನ್ನೊಂದನ್ನು ಬೆಳೆಸುತ್ತದೆ ಎಂಬುದೇ ನನ್ನ ನಂಬಿಕೆ. ಗುಬ್ಬಿ ನಾಟಕ ಕಂಪನಿಯಲ್ಲಿ ಹುಡುಗನಾಗಿದ್ದಾಗಲೇ ಬಣ್ಣ ಹಚ್ಚಿದ ಬಿ.ವಿ. ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಅದೇ ಊರಿನ ಶಾಲೆಯೊಂದರಲ್ಲಿ ನಾಟಕದ ಮೇಷ್ಟ್ರಾಗಿದ್ದು, 1977ರಲ್ಲಿ ತಾವು ಕಲಿತ ಸಂಸ್ಥೆಗೇ ನಿರ್ದೇಶಕರಾದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಎಂಬ ನಾಟಕ ಸಂಸ್ಥೆಯನ್ನು ಕಟ್ಟಿದರು.

ಕಲಿಯಲು ನಿಮಗೆ ಹತ್ತಿರವಾದದ್ದು ಸಾಗರ ತಾಲ್ಲೂಕಿನ ಹೆಗ್ಗೋಡು. ಅಲ್ಲಿನ ನೀನಾಸಮ್ ನಾಟಕ ಸಂಸ್ಥೆ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ‘ತಿರುಗಾಟ’ ಎಂಬ ಸಂಚಾರಿ ನಾಟಕ ತಂಡವನ್ನೂ ಆರಂಭಿಸಿತು. ಕಲಿತ ಮೇಲೆ ಒಂದೆರಡು ವರ್ಷ ಊರೂರು ತಿರುಗಿ ನಾಟಕವಾಡುವುದು ಮುಂದೆ ಪಾಠ ಹೇಳುವವರಿಗೆ ಅತ್ಯಗತ್ಯವೆಂದು ನಾನು ಭಾವಿಸುತ್ತೇನೆ. ಆದಾಯ ಮಾತ್ರ ಏರುಪೇರಿನದು. ಶಾಲಾ ನಾಟಕ, ಬೇಸಿಗೆ ಶಿಬಿರಗಳೇ ಮೊದಲ ಆಧಾರವಾಗುತ್ತವೆ.

ರಂಗಶಿಕ್ಷಣಕ್ಕೆ ಸೇರುವವರೆಗೆ ಅವಳು ನಿಮ್ಮ ಜಿಲ್ಲೆಯ ಬಡಗುತಿಟ್ಟಿನ ಯಕ್ಷಗಾನ ಆಟಗಳನ್ನು ನೋಡುವಾಗ ವೇಷದ ಮೇಲಲ್ಲ, ಪದ್ಯ ಹಾಡುವ ಭಾಗವತರ ಮೇಲೆ ಕಣ್ಣಿಡಲಿ. ಪಾತ್ರಧಾರಿ ಹೇಳುವ ಅರ್ಥ, ಅಂದರೆ ಮಾತು, ಎಳೆದಾಡಿತೆಂದರೆ ಅವರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ, ಕುಣಿತ ರಂಗೇರಿದರೆ ಅದೇ ಸಾಲನ್ನು ಮತ್ತೆ ಹಾಡಿ ಅವಕಾಶ ಕೊಡುತ್ತಾರೆ. ರಂಗದ ಮೇಲೆಯೇ ಕುಳಿತು ಮಾಡುವ ಈ ನಿರ್ದೇಶನವನ್ನು ಅವಳು ಬರೆದಿಟ್ಟುಕೊಳ್ಳಲಿ, ಪ್ರವೇಶದ ಸಂದರ್ಶನದಲ್ಲಿ ಅದರ ಬಗ್ಗೆಯೇ ಮಾತನಾಡಲಿ.